ರಹಮತ್ ಉಲ್ಲಾರ ಬೆಣ್ಣೆ ಕ್ಲಚ್

ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ನನ್ನದು ಸೀಟ್ ಕವರ್ ಹೊಲಿಯುವ ಅಂಗಡಿ. ಪಕ್ಕದ ಗೋಡೆಯಾಚೆ ರಹಮತ್ ಉಲ್ಲಾರ ಕ್ಲಚ್ ರಿಪೇರಿ ಅಂಗಡಿ. ಇಷ್ಟು ವರ್ಷ ಪಕ್ಕದಲ್ಲಿದ್ದು ನಾನು ಆ ಮನುಷ್ಯನ ಕೈಗಿಂತ ಎಡಗಾಲನ್ನೇ ಹೆಚ್ಚು ನೋಡಿದ್ದೇನೆ. ಕಾಲಿಗೆ ಸಿಕ್ಕಿದ್ದನ್ನೆಲ್ಲ ಚಪ್ಪಲಿ ಬಿಟ್ಟು ತುಳಿದು ನೋಡುವ ಚಾಳಿ ಅವರದು. ನನ್ನ ಹೊಲಿಗೆ ಮೆಷಿನ್ನನ್ನು ತುಳಿದು ಸೂಜಿ ಮುರಿದಿದ್ದಾರೆ. ಒಮ್ಮೆ ಹಲ್ಲು ಕೀಳಿಸಲು ಹೋದವರು, ಡಾಕ್ಟರ ಕಾಲಡಿಯ ಪೆಡಲು ಎಷ್ಟು ಬಿಗಿ ಇದೆ ಎಂದು ಬಾಯಿ ತೆರೆದುಕೊಂಡೇ ವಿಚಾರಿಸಿ ಬೈಸಿಕೊಂಡು ಬಂದರು. "ಅಲ್ರೀ ಸಾಹೇಬ್ರೆ, ಹೋಗಿದ್ದು ಹಲ್ಲಿಗೋ ಕಾಲಿಗೋ?" ಎಂದು ಕೇಳಿದೆ. "ಅದರೊಳಗೆ ಏನೈತೆ ಅಂತ ತಿಳ್ಕಾಬೇಕಲ್ಲ, ರಾಜಣ್ಣ" ಎಂದರು. ನನ್ನ ಪೂರ್ತಿ ಹೆಸರು ಹನುಮಂತರಾಜು. ಅದನ್ನು ಅವರು ಎಂದೂ ಪೂರ್ತಿ ಹೇಳಿದವರಲ್ಲ.

ಅವರ ತಂದೆ ಹತ್ತಿ ಹಿಂಜಿ ಹಾಸಿಗೆ ಮಾಡುತ್ತಿದ್ದವರು. ಹಾಸಿಗೆ ಮೆತ್ತಗಿದ್ದರೆ ಗಿರಾಕಿ ಹರಸುತ್ತಾನೆ, ಗಂಟು ಒತ್ತಿದರೆ ಶಪಿಸುತ್ತಾನೆ. ಆ ಮನೆಯಲ್ಲಿ ಕಲಿತ ಪಾಠವನ್ನೇ ರಹಮತ್ ಉಲ್ಲಾ ಕ್ಲಚ್ಚಿಗೂ ತಂದರು. ಪುಣೆಯಿಂದ ಕ್ಲಚ್ ತುಳಿದೂ ತುಳಿದೂ ಮೊಣಕಾಲು ಊದಿಸಿಕೊಂಡು ಬರುವ ಲಾರಿ ಡ್ರೈವರುಗಳಿಗೆ, ಪೆಡಲಿನ ಮೇಲ್ಗಡೆ ಒಂದು ಸಹಾಯದ ಸ್ಪ್ರಿಂಗ್ ಕೂರಿಸಿ ಕೊಡುತ್ತಿದ್ದರು. ಅರ್ಧ ಭಾರ ಆ ಸ್ಪ್ರಿಂಗೇ ಹೊರುತ್ತಿತ್ತು. "ಬೆಣ್ಣೆ ಮಾಡ್ಕೊಡ್ರಿ ಸಾಹೇಬ್ರೆ" ಎಂದು ಕೇಳಿಕೊಂಡು ಬರುವವರೇ ಎಲ್ಲರೂ. ಹೀಗಾಗಿ ಹಗುರವಾದದ್ದೇ ಒಳ್ಳೆಯ ಕ್ಲಚ್ ಎಂಬುದು ನಮ್ಮ ರಸ್ತೆಯಲ್ಲಿ ವೇದವಾಕ್ಯವಾಗಿತ್ತು.

ಅವರ ಮಗಳು ಆಲಿಯಾ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಪರಮೇಶ್ ಒಂದು ದಿನ ಅವಳು ಸಂತೆಯ ಇಕ್ಕಟ್ಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆದ ಚಂದ ನೋಡಿ ನಿಂತುಬಿಟ್ಟರಂತೆ. ಅವರ ಬಳಿ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದಿದೆ. ಚಿತ್ರದುರ್ಗದ ಹೊರಗಿನ ಬಯಲಿನಲ್ಲಿ ನಡೆಯುವ ಕಾರ್ ರೇಸಿಗೆ ಅದನ್ನು ಬಿಡುವ ಆಸೆ. ತಾವೇ ರೇಸಿನಲ್ಲಿ ಓಡಿಸೋಣವೆಂದರೆ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತದೆ. "ಬಯಲಲ್ಲಿ ಒಂದು ಸಲ ಓಡ್ಸಿ ತೋರ್ಸಮ್ಮ. ಗಾಡಿ ಬಂದ್ ಆಗ್ದಂಗೆ ಹೊಂಟ್ರೆ ಈ ವರ್ಷದ ಸೀಟು ನಿಂದೇ. ಇಲ್ಲಾಂದ್ರೆ ನನ್ನ ಭಾಮೈದ ಶಿವರಾಜ್ ಕಾಯ್ಕಂಡು ಕುಂತವ್ನೆ" ಎಂದರು. ದಿನವಿಡೀ ಇಪ್ಪತ್ತರ ವೇಗದಲ್ಲಿ ಬೇರೆಯವರ ತಪ್ಪು ಕಾಯುತ್ತ ಕೂರುವ ಹುಡುಗಿಗೆ ಆ ಸೀಟು ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಬಿಟ್ಟು ಅವಳಿಗೆ ಬೇರೆ ಮಾತೇ ಇರಲಿಲ್ಲ.

ಕಾರಿನ ಕ್ಲಚ್ ಮಾತ್ರ ಕೆಟ್ಟದಾಗಿತ್ತು. ತುಳಿದರೆ ಭಾರ, ಬಿಟ್ಟರೆ ಮಂಕು. ಪರಮೇಶ್ ಅದನ್ನು ಸರಿಮಾಡಲು ರಹಮತ್ ಉಲ್ಲಾರಿಗೇ ಕೊಟ್ಟರು. ಓಡಿಸುವವಳು ಮಗಳು! ಲಾರಿಯವರಿಗೆ ಹಾಕದಂಥ ಬಲವಾದ ಸ್ಪ್ರಿಂಗನ್ನು ಹುಡುಕಿ ತಂದು ಹಾಕಿದರು. ಬೆರಳಲ್ಲಿ ಒತ್ತಿದರೂ ಇಳಿಯುವಷ್ಟು ಮೆತ್ತಗಾಯಿತು ಪೆಡಲು. ನನ್ನನ್ನು ಕರೆದು ಒತ್ತಿಸಿ, ನನ್ನ ಮುಖ ನೋಡಿ, ನಾನು ಹೊಗಳುವವರೆಗೂ ಬಿಡಲಿಲ್ಲ.

ಭಾನುವಾರ ಬಯಲಿಗೆ ಹೋದೆವು. ಬಾವುಟ ಬಿತ್ತು. ಆಲಿಯಾ ಕಾಲು ಸಡಿಲಿಸಿದಳು, ಎಂಜಿನ್ ಕೆಮ್ಮಿ ಸತ್ತಿತು. ಮತ್ತೆ ಚಾಲೂ ಮಾಡಿದಳು. ಈ ಸಲ ಕಾರು ಕಪ್ಪೆಯ ಹಾಗೆ ಒಂದು ಕುಪ್ಪಳಿಸಿ ನಿಂತಿತು. ಶಿವರಾಜ್ ನಗು ತಡೆಯುವ ಗೋಜಿಗೂ ಹೋಗಲಿಲ್ಲ. ಪರಮೇಶ್ ಒಳ್ಳೆಯವರು, "ಮುಂದಿನ ಭಾನುವಾರ ಇನ್ನೊಂದು ಸಲ ನೋಡಾಣ. ಆಮೇಲೆ ನಂಗೆ ಏನೂ ಅನ್ಬೇಡ" ಎಂದರು.

ಕೆಂಪು ಕಾರನ್ನು ಲಾರಿಗೆ ಏರಿಸಿ ಅಂಗಡಿಗೆ ಕಳಿಸಿ, ನಾವು ಮೂವರೂ ರಹಮತ್ ಉಲ್ಲಾರ ಜೀಪಿನಲ್ಲಿ ಬರುವಾಗ ಆಲಿಯಾ ತಂದೆಗೆ ಹೇಳಿದಳು, "ಅಬ್ಬಾ, ಒತ್ತಿದೀನೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಕ್ಲಚ್ ಹಿಡಿಯೋ ಜಾಗ ಎಲ್ಲೈತೆ ಅಂತ ಕಾಲಿಗೆ ತಿಳಿಯಲ್ಲ."

"ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದುಬಿಟ್ಟರು ರಹಮತ್ ಉಲ್ಲಾ.

ಹುಡುಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ನನಗೆ ಮೈ ಉರಿಯಿತು. ಹಿಂದಿನ ಸೀಟಿನಿಂದಲೇ, "ನಿಮ್ಮ ಬೆಣ್ಣೆ ನೀವೇ ತಿನ್ರಿ" ಎಂದೆ.

ಮರುದಿನ ಬೆಳಿಗ್ಗೆ ಅವರೇ ನನ್ನ ಬಾಗಿಲಿಗೆ ಬಂದರು. ಕೋಪವಿರಲಿಲ್ಲ, ಹುಬ್ಬು ಮಾತ್ರ ಮೇಲೇರಿತ್ತು. "ರಾಜಣ್ಣ, ಸ್ವಲ್ಪ ಕಾರಿನ ಕೆಳಗೆ ಮಲ್ಕಳ್ರಿ. ಕ್ಲಚ್ಚಿನ ಕಡ್ಡಿ ಯಾವಾಗ ಅಲ್ಲಾಡ್ತೈತೆ ನೋಡಿ. ನಾನು ಕಣ್ಣು ಮುಚ್ಕಂಡು ಪೆಡಲು ತುಳೀತಾ ಮೇಲಿಂದ ಹೇಳ್ತೀನಿ, ಸರಿನಾ ತಪ್ಪಾ ಹೇಳ್ರಿ" ಎಂದರು. ಹೊಲಿಯುವ ಕೆಲಸ ಬಿಟ್ಟು ಎಣ್ಣೆ ನೆಲದ ಮೇಲೆ ಮಲಗಿದೆ. ಮೇಲಿನಿಂದ "ಈಗ" ಅನ್ನುತ್ತಾರೆ, ಕಡ್ಡಿ ಆಗಲೇ ಹೋಗಿ ಮುಗಿದಿರುತ್ತದೆ. ಮತ್ತೊಮ್ಮೆ "ಈಗ" ಅನ್ನುತ್ತಾರೆ, ಕಡ್ಡಿ ಇನ್ನೂ ಹೊರಟೇ ಇರುವುದಿಲ್ಲ. ಒಂದು ಸಲವೂ ಸರಿಯಾಗಲಿಲ್ಲ. ಕೆಳಗಿಳಿದು ನೆಲದ ಮೇಲೆ ಕೂತು, "ಇದೇನ್ರಿ ಇದು, ನನ್ನ ಕಾಲೇ ನಂಗೆ ಸುಳ್ಳು ಹೇಳ್ತೈತೆ" ಎಂದು ಅಚ್ಚರಿಪಟ್ಟರು. ಹಾಗಂತ ಸ್ಪ್ರಿಂಗಿನ ಮೇಲೆ ಅನುಮಾನ ಬಂತೇ? ಊಹೂಂ. ಹೆತ್ತವರಿಗೆ ಹೆಗ್ಗಣ ಮುದ್ದು. ಪೆಡಲು ತಿರುಗುವ ಕಡೆಯ ಬಳೆ, ಅಂದರೆ ಬುಷ್, ಸವೆದಿರಬೇಕು ಎಂದರು, ಕಾಲಿನ ಒತ್ತಡವನ್ನು ಕ್ಲಚ್ಚಿಗೆ ಸಾಗಿಸುವ ಎಣ್ಣೆಯ ಪೈಪು ಉಬ್ಬುತ್ತಿರಬೇಕು ಎಂದರು.

ವಾರದ ನಡುವೆ ಹಿರೇಗುಂಟನೂರಿನಿಂದ ಕರೆ ಬಂತು, ಟ್ರ್ಯಾಕ್ಟರೊಂದು ನಿಂತುಹೋಗಿತ್ತು. ನಾನೂ ಜೊತೆಗೆ ಹೋದೆ. ಚಿತ್ರದುರ್ಗದಿಂದ ಬಿಡಿಭಾಗ ಬರಲು ತಡವಿತ್ತು. ಟ್ರ್ಯಾಕ್ಟರ್ ನಿಂತ ಮನೆಯಲ್ಲೇ ದೊಡ್ಡಪ್ಪ ಎಂಬ ಹಿರಿಯರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕಂಬಳಿ ನೇಯುತ್ತಿದ್ದರು. ಗುಂಡಿಯೊಳಗೆ ಎರಡು ಕಾಲುಮಣೆ. ಒಂದನ್ನು ತುಳಿದರೆ ನೂಲು ಎರಡು ಪಾಲಾಗಿ ಬಾಯಿ ತೆರೆಯುತ್ತದೆ, ಆ ಬಾಯೊಳಗೆ ಲಾಳಿ ಓಡುತ್ತದೆ. ನಮ್ಮ ಸಾಹೇಬರು ಬಿಟ್ಟಾರೆಯೇ? ಚಪ್ಪಲಿ ಬಿಟ್ಟು ಇಳಿದು ತುಳಿದೇಬಿಟ್ಟರು.

"ಭಾಳ ಬಿಗಿ ಐತಲ್ರಿ. ಈ ವಯಸ್ಸಲ್ಲಿ ಕಾಲು ಏನಾಗ್ಬೇಕು? ಹಗುರ ಮಾಡ್ಕೊಡ್ತೀನಿ ತಾಳ್ರಿ" ಎಂದು ಕಾಲುಮಣೆಯ ಹಗ್ಗ ಸಡಿಲಿಸಿ, ಸೂರಿನ ತೊಲೆಯಿಂದ ಒಂದು ರಬ್ಬರ್ ಪಟ್ಟಿ ಇಳಿಬಿಟ್ಟು ಮಗ್ಗಕ್ಕೆ ಸಿಕ್ಕಿಸಿಯೇ ಎದ್ದರು. ದೊಡ್ಡಪ್ಪ ಕೂತು ತುಳಿದರು, ಲಾಳಿ ಎಸೆದರು. ಅದು ಅರ್ಧದಲ್ಲಿ ನೂಲಿಗೆ ಬಡಿದು ಎರಡೆಳೆ ಹರಿಯಿತು. ಎರಡನೇ ಸಲವೂ ಹಾಗೇ ಆಯಿತು.

"ಏನಪ್ಪ ಮಾಡ್ದೆ ನೀನು?" ದೊಡ್ಡಪ್ಪ ರೇಗಿದರು. "ಬಾಯಿ ಪೂರಾ ತೆರೀತೋ ಇಲ್ವೋ ಕಾಲಿಗೆ ಗೊತ್ತಾಗಬಾರ್ದಾ? ಮೊದ್ಲು ಹೆಂಗಿತ್ತೋ ಹಂಗೆ ಬಿಗಿ!"

ರಹಮತ್ ಉಲ್ಲಾ ರಬ್ಬರ್ ಬಿಚ್ಚಿ ಹಗ್ಗ ಬಿಗಿದರು. ಹರಿದ ಎಳೆಗಳನ್ನು ಮುದುಕ ಗೊಣಗುತ್ತ ಗಂಟು ಹಾಕುವುದನ್ನು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಆಲಿಯಾನೂ ಇದನ್ನೇ ಅಲ್ವೇನ್ರಿ ಹೇಳಿದ್ದು?" ಎಂದರು. "ಅದನ್ನೇ. ನೆಲ ನಿಜವಾಗ್ಲೂ ಡೊಂಕಿತ್ತು ಸಾಹೇಬ್ರೆ" ಎಂದೆ. ಅವರ ಮುಖ ನೋಡಿ, ಸುಮ್ಮನಿರಬಹುದಿತ್ತು ಅನ್ನಿಸಿತು.

ಅಂಗಡಿಗೆ ಬಂದು ಮೊದಲು ಕಿತ್ತದ್ದು ತಮ್ಮ ಸ್ಪ್ರಿಂಗನ್ನೇ. ಆಮೇಲೆ ಒಂದೊಂದಾಗಿ ಬಿಚ್ಚಿದರು. ಪೆಡಲಿನ ಬುಷ್ ನಿಜಕ್ಕೂ ಸವೆದಿತ್ತು, ಹೊಸದು ಹಾಕಿದರು. ಒತ್ತಿದರೆ ಉಬ್ಬುವ ಹಳೆಯ ರಬ್ಬರ್ ಪೈಪಿನ ಬದಲು ಉಕ್ಕಿನ ಜಾಲರಿ ಸುತ್ತಿದ ಪೈಪು ತರಿಸಿದರು. ಎಣ್ಣೆಯ ದಾರಿಯಲ್ಲಿ ಸಣ್ಣ ತೂತಿನ ಒಂದು ತಡೆ ಇತ್ತು. ಕಾಲು ಬಿಟ್ಟರೂ ಕ್ಲಚ್ ನಿಧಾನವಾಗಿ ಹಿಡಿಯಲಿ ಎಂದು ಕಂಪನಿಯವರು ಇಟ್ಟದ್ದು. ಅದನ್ನು ಬೆಳಕಿಗೆ ಹಿಡಿದು, ಒಳಗೆ ಊದಿ, ಹಿಂದೆ ಮುಂದೆ ನೋಡಿ, "ಕಾಲಿಗೂ ಕ್ಲಚ್ಚಿಗೂ ನಡುವೆ ಇವನ್ಯಾರ್ರಿ ದಲ್ಲಾಳಿ?" ಎಂದು ತೆಗೆದಿಟ್ಟರು. ಹಳೆಯ ಎಣ್ಣೆ ಇಳಿಸಿ, ಒಳಗೆ ಸೇರಿದ್ದ ಗಾಳಿ ಹೊರಹಾಕಿ, ಹಿಡಿಯುವ ಜಾಗ ಪೆಡಲಿನ ನಡುಮಧ್ಯಕ್ಕೆ ಬರುವಂತೆ ಕಡ್ಡಿಯನ್ನು ತಿರುಗಿಸಿದರು.

ಆಮೇಲೆ ಮಗಳನ್ನು ಕೂರಿಸಿ, ತಾವೇ ಕಾರಿನ ಕೆಳಗೆ ಮಲಗಿದರು. ಅವಳು ಕಣ್ಣು ಮುಚ್ಚಿ "ಈಗ" ಎಂದಳು. ಕೆಳಗಿನಿಂದ "ಸರಿ" ಎಂದು ಬಂತು. "ಈಗ." "ಸರಿ." ಎಷ್ಟು ಸಲ ಕೇಳಿದರೂ ಅದೇ ಉತ್ತರ. ಇಬ್ಬರೂ ಆಟಕ್ಕೆ ಬಿದ್ದವರ ಹಾಗೆ ನಿಲ್ಲಿಸಲೇ ಇಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿದ್ದ ಸೀಟಿನ ಬಟ್ಟೆಯನ್ನು ತಿರುಗಾಮುರುಗಾ ಹೊಲಿದಿಟ್ಟಿದ್ದೆ.

ಪೆಡಲು ಮಾತ್ರ ಭಾರವಾಗಿತ್ತು. ಉಳಿದೆರಡು ದಿನ ಅಭ್ಯಾಸ ಮಾಡಿದ ಆಲಿಯಾ ಕುಂಟುತ್ತ ನಡೆಯುವುದನ್ನು ಅವರು ನೋಡುತ್ತಿದ್ದರು. ಕಿತ್ತ ಸ್ಪ್ರಿಂಗಿನ ಕಡೆ ಅವರ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು.

ಭಾನುವಾರ ಬಾವುಟ ಬಿತ್ತು. ಕಾರು ಕುಪ್ಪಳಿಸಲಿಲ್ಲ, ಕೆಮ್ಮಲಿಲ್ಲ, ಕೆಂಪು ಧೂಳೆಬ್ಬಿಸಿಕೊಂಡು ಹೊರಟೇಹೋಯಿತು. ಸುತ್ತು ಮುಗಿಸಿ ಬಂದಾಗ ಶಿವರಾಜನೂ ಚಪ್ಪಾಳೆ ತಟ್ಟಿದ. ಖುಷಿ ತಾಳಲಾರದೆ ಪರಮೇಶ್ ತಮ್ಮ ಹೊಟ್ಟೆಯನ್ನು ಹೇಗೋ ಸ್ಟಿಯರಿಂಗಿನ ಹಿಂದೆ ತುರುಕಿ ಕ್ಲಚ್ ಒತ್ತಿದರು.

"ಅಯ್ಯೋ! ಸಾಹೇಬ್ರೆ, ಎಲ್ರಿ ನಿಮ್ಮ ಬೆಣ್ಣೆ? ಇದನ್ನ ನಾನು ಊರೊಳಗೆ ಓಡ್ಸಾದು ಹೆಂಗೆ? ನಾಳೆನೇ ಆ ಸ್ಪ್ರಿಂಗ್ ವಾಪಸ್ ಹಾಕ್ಬಿಡ್ರಿ."

ಬೆಣ್ಣೆ ಕೇಳಿದವರಿಗೆ ಇಲ್ಲ ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆಲಿಯಾ ತಂದೆಯನ್ನೇ ನೋಡಿದಳು.

"ಹಾಕಲ್ಲ ಸಾರ್" ಎಂದರು ರಹಮತ್ ಉಲ್ಲಾ.

"ಗಾಡಿ ನಂದು ಕಣ್ರಿ!"

"ನಿಮ್ದೇ. ಓಡ್ಸೋಳು ಇವ್ಳು."

ಪರಮೇಶ್ ಒಂದು ಗಳಿಗೆ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಕಷ್ಟಪಟ್ಟು ಕೆಳಗಿಳಿದು ಬೀಗದ ಕೈಯನ್ನು ಆಲಿಯಾಳ ಕೈಗೆ ಹಾಕಿದರು. ಅವಳು ಮತ್ತೆ ಒಳಗೆ ಕೂತಾಗ ರಹಮತ್ ಉಲ್ಲಾ ಕಿಟಕಿಯ ಬಳಿ ಬಗ್ಗಿದರು.

"ಕಾಲು ನೋಯ್ತೈತೇನಮ್ಮ?"

"ನೋಯ್ತೈತೆ ಅಬ್ಬಾ" ಎಂದಳು ನಗುತ್ತ. "ಹಂಗೇ ಇರ್ಲಿ."

ಪೆಡಲು ಹಗುರ ಮಾಡಲು ಆಗಲೇ ಸ್ಪ್ಯಾನರ್ ಹಿಡಿದಿದ್ದ ಕೈಯನ್ನು ಅವರು ಬೆನ್ನ ಹಿಂದೆ ಇಟ್ಟುಕೊಂಡರು.