ಪ್ರಾರ್ಥನೆಯ ಹೊತ್ತಿಗೆ ಬಂದ ಅಭ್ಯರ್ಥಿ

ಸಂಜೆಯ ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದೆ. ಬಾಗಿಲಲ್ಲಿ ಮುನಿರಾಜಣ್ಣ ನಿಂತಿದ್ದರು. ಚಿಂತಾಮಣಿ ಹತ್ತಿರದ ನಮ್ಮೂರಿನ ಪಂಚಾಯಿತಿ ಚುನಾವಣೆಯಲ್ಲಿ ಸ್ಪರ್ಧಿಸಿದ್ದ ಅವರು ಮತ ಕೇಳಲು ಬಂದು, ಬೈಬಲ್ ಮುಂದಿಟ್ಟುಕೊಂಡು ಕೂತಿದ್ದ ನಮ್ಮನ್ನು ಕಂಡು, ಚಪ್ಪಲಿ ಬಿಟ್ಟು ಸುಮ್ಮನೆ ಕಾಯುತ್ತಿದ್ದರು. ನಮ್ಮ ಮನೆಯ ಮತ ಅವರ ಎದುರಾಳಿಗೆಂದು ಊರಿಗೇ ಗೊತ್ತು.

ಚುನಾವಣೆ ಬಂತೆಂದರೆ ನಮ್ಮತ್ತೆ ಎಲ್ಲ ಅಭ್ಯರ್ಥಿಗಳಿಗಾಗಿಯೂ ಪ್ರಾರ್ಥಿಸುತ್ತಾರೆ. ನನಗದು ಸರಿಬರುತ್ತಿರಲಿಲ್ಲ. ಆಗಲೂ ಅತ್ತೆ ಕಣ್ಮುಚ್ಚಿಕೊಂಡೇ ಗಟ್ಟಿಯಾಗಿ ಹೇಳುತ್ತಿದ್ದರು: "ಕರ್ತನೇ, ಮುನಿರಾಜ ಗೆದ್ರೆ ಅವನಿಗೆ ಒಳ್ಳೇ ಬುದ್ಧಿ ಕೊಡಪ್ಪ. ಸೋತ್ರೆ ಅವನ ಮನೆಯೋರಿಗೆ ಅವತ್ತು ರಾತ್ರಿ ನಿದ್ದೆ ಕೊಡಪ್ಪ."

ಮುಜುಗರದಿಂದ ನನ್ನ ಬಾಯಲ್ಲಿ ಆಮೆನ್ ಹೊರಡಲಿಲ್ಲ. ಮುನಿರಾಜಣ್ಣ ಕೈಯಲ್ಲಿದ್ದ ಕರಪತ್ರವನ್ನು ಜೇಬಿಗಿಟ್ಟುಕೊಂಡರು. "ಸೋತ್ರೆ ನಮ್ಮನೆಯೋರ ಗತಿ ಏನು ಅಂತ ನಾನೇ ಯೋಚ್ನೆ ಮಾಡಿರ್ಲಿಲ್ಲ ಕಣಮ್ಮ" ಎಂದು ಅತ್ತೆಗೆ ಕೈಮುಗಿದರು. ಕೊಟ್ಟ ಕಾಫಿ ಕುಡಿದು, ಮತ ಕೇಳದೆಯೇ ಹೋದರು.

ಅವರು ಸೋತರು. ನಾನೂ ಅವರಿಗೆ ಮತ ಹಾಕಿರಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ಆದರೆ ಮತ ಎಣಿಕೆಯಾದ ಸಂಜೆ, ಅತ್ತೆ ಬಾಯಿ ತೆರೆಯುವ ಮೊದಲೇ ಆ ಮನೆಯವರ ನಿದ್ದೆಗಾಗಿ ಪ್ರಾರ್ಥಿಸಿದವಳು ನಾನು.