ಚಾಚಾ ಕೇಳಿದ್ದ ಒಂದು ಕಾಗದ

ಪಕ್ಕದ ಮನೆಯವರು ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಅವರ ಅಂಗಳದಲ್ಲಿ ಕಲ್ಲು ಕೊಯ್ಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಕಾದ ಕಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು, ಗಂಟಲನ್ನು ಒಣಗಿಸುವಂಥ ವಾಸನೆ. ಎದ್ದು ಕಿಟಕಿ ಮುಚ್ಚಿದೆ. ಚಾಚಾ ಅಷ್ಟರಲ್ಲೇ ನೆನಪಾಗಿಬಿಟ್ಟಿದ್ದರು...

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ಕೊರಟಗೆರೆಯಿಂದ ಮಧುಗಿರಿ ದಾಟಿ ಪಾವಗಡದವರೆಗೆ ಹಬ್ಬಿರುವ ಗ್ರಾನೈಟ್ ಬೆಟ್ಟಗಳು ಹೇಗೆ ಹುಟ್ಟಿದವು ಎನ್ನುವುದು ನನ್ನ ವಿಷಯ. ಮಧುಗಿರಿ ಕಡೆಯ ಒಂದು ಕ್ವಾರಿಗೆ ಮಾದರಿ ಕಲ್ಲು ತರಲು ಹೋಗುತ್ತಿದ್ದೆ. ಬಿಸಿಲು ಮಳೆಗೆ ಮಾಸದ, ಒಳಗಿನ ಹೊಸ ಕಲ್ಲೇ ಬೇಕಿತ್ತು. ನನ್ನ ಸುತ್ತಿಗೆಗೆ ಅದು ಜಗ್ಗುತ್ತಿರಲಿಲ್ಲ. ಅಲ್ಲಿ ಮದ್ದು ತುಂಬುವುದಕ್ಕೆ ಬಂಡೆಗೆ ತೂತು ಕೊರೆಯುತ್ತಿದ್ದವರು ಚಾಚಾ. ಶಿರಾದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮಧ್ಯಾಹ್ನ ಮಿಷನ್ನು ನಿಲ್ಲಿಸಿದಾಗ ರೆಪ್ಪೆ, ಗಡ್ಡ ಎಲ್ಲ ಬೂದಿ ಮೆತ್ತಿದ ಹಾಗೆ ಕಾಣುತ್ತಿತ್ತು. ಮೂಗಿಗೆ ಕಟ್ಟಿದ್ದ ಟವೆಲ್ಲೊಂದೇ ಅವರ ರಕ್ಷಣೆ.

ಒಂದು ದಿನ ಅವರೇ ನನ್ನನ್ನು ಕ್ವಾರಿಯ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಕೆಂಪು ಗ್ರಾನೈಟಿನ ಹೊಟ್ಟೆಯೊಳಗೆ ಕಪ್ಪು ಕಲ್ಲಿನ ತುಂಡುಗಳು ಸಿಕ್ಕಿಕೊಂಡಿದ್ದವು.

“ನೋಡು ಬೇಟಿ, ಈ ಕರೇ ಕಲ್ಲೇ ಹಳೇದು. ಕೆಂಪುಂದು ಆಮ್ಯಾಕೆ ಬಂದು ಇದುನ್ನ ನುಂಗೈತೆ.”

“ನಿಮಗೆ ಹೆಂಗೆ ಗೊತ್ತು ಚಾಚಾ?”

“ಮಿಷನ್ ಇಟ್ರೆ ಸದ್ದೇ ಬ್ಯಾರೆ ಬತ್ತೈತೆ. ನುಂಗಿದ್ದು ಅರ್ಧ ಕರಗೈತೆ, ಅಂಚು ಮುಟ್ಟಿ ನೋಡು.”

ಮುಟ್ಟಿ ನೋಡಿದೆ. ನಿಜವಾಗಿತ್ತು. ನನ್ನ ಪ್ರಬಂಧ ನಿಂತದ್ದೇ ಆ ಜಾಗದ ಮೇಲೆ. ಅಲ್ಲಿಂದ ಅವರು ಬಿಡಿಸಿಕೊಟ್ಟ ಕಲ್ಲನ್ನು ಲ್ಯಾಬಿನಲ್ಲಿ ಪುಡಿ ಮಾಡಿ, ಮರಳಿಗಿಂತ ಸಣ್ಣ ಜಿರ್ಕಾನ್ ಹರಳುಗಳನ್ನು ಆರಿಸಿದೆ. ಆ ಹರಳಿನೊಳಗೆ ಯುರೇನಿಯಂ ಬಹಳ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಎರಡೂ ಎಷ್ಟೆಷ್ಟಿವೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ಹರಳಿನ ಹೊರಪದರ ಇನ್ನೂರೈವತ್ತು ಕೋಟಿ ವರ್ಷದ್ದಾಗಿತ್ತು. ಕೆಲವುಗಳ ಒಡಲಲ್ಲಿ ಅದಕ್ಕಿಂತ ಎಷ್ಟೋ ಹಳೆಯ ತಿರುಳು ಉಳಿದಿತ್ತು. ಹಳೆಯ ನೆಲ ಕರಗಿಯೇ ಈ ಗ್ರಾನೈಟ್ ಆಗಿದೆ ಎಂದು ಬರೆದೆ. ಚಾಚಾ ಬೆರಳಿಟ್ಟು ಹೇಳಿದ್ದನ್ನೇ ಯಂತ್ರವೂ ಹೇಳಿತ್ತು.

ಅದೇ ಕಲ್ಲಿನ ರಾಸಾಯನಿಕ ಪಟ್ಟಿಯೂ ನನ್ನ ಹತ್ತಿರ ಇತ್ತು. ಮೊದಲ ಸಾಲಿನಲ್ಲೇ ಸಿಲಿಕಾ, ಮುಕ್ಕಾಲು ಪಾಲಿನ ಹತ್ತಿರ. ಅದರ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರ ಕೆಮ್ಮು ಮೊದಲಿನಿಂದಲೂ ಇತ್ತು. ಆ ವರ್ಷ ದಮ್ಮು ಜಾಸ್ತಿಯಾಗಿ ಕೆಲಸ ಬಿಟ್ಟರು. ಶಿರಾದಲ್ಲಿ ತೋರಿಸಿದ ವೈದ್ಯರು ಟಿ.ಬಿ. ಎಂದು ಮಾತ್ರೆ ಕೊಟ್ಟರಂತೆ. ತಿಂಗಳುಗಟ್ಟಲೆ ನುಂಗಿದರೂ ಕಡಿಮೆಯಾಗಲಿಲ್ಲ. ಕೊನೆಗೆ ತುಮಕೂರಿನಲ್ಲಿ ಇನ್ನೊಬ್ಬ ವೈದ್ಯರು ಎಕ್ಸ್‌ರೇ ನೋಡಿ, ಇದು ಕಲ್ಲಿನ ದೂಳಿನದ್ದೂ ಇರಬಹುದು, ಆ ಕ್ವಾರಿಯ ಕಲ್ಲಿನಲ್ಲಿ ಏನಿದೆ ಎಂದು ಬರೆಸಿಕೊಂಡು ಬನ್ನಿ ಎಂದರು. ಚಾಚಾ ನನಗೆ ಫೋನ್ ಮಾಡಿದರು. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು.

“ಬೇಟಿ, ಕಲ್ಲು ಟೆಸ್ಟ್ ಮಾಡ್ಸಿದ್ಯಲ್ಲ... ಅದ್ರಾಗೆ ಏನೈತೆ ಅಂತ ಒಂದು ಕಾಗ್ದ ಕೊಡ್ತೀಯಾ?”

ಕೊಡುತ್ತೇನೆ ಎಂದೆ. ನನ್ನ ಮಾರ್ಗದರ್ಶಕರನ್ನು ಕೇಳಿದಾಗ ಅವರು ತಲೆಯೆತ್ತದೆ, “ಕಾಗದ ಕೊಟ್ಟದ್ದು ಗೊತ್ತಾಗಿ ಕ್ವಾರಿಯವರು ಗೇಟು ಹಾಕಿದರೆ ಮುಗೀತು. ಇನ್ನೊಂದು ಸುತ್ತಿನ ಮಾದರಿ ಆಗಲಿ, ಆಮೇಲೆ ನೋಡೋಣ” ಎಂದರು. ನಾನು ಎದುರಾಡಲಿಲ್ಲ. ಚಾಚಾ ಮತ್ತೆ ಎರಡು ಸಲ ಫೋನ್ ಮಾಡಿದರು. ಎರಡನೆಯ ಸಲ ನಾನು ಎತ್ತಲಿಲ್ಲ.

ಮಾದರಿಗಳೆಲ್ಲ ಲ್ಯಾಬಿಗೆ ಬಂದ ಮೇಲೆ ಕಾಗದ ಬರೆದು, ಸೀಲು ಹಾಕಿಸಿ, ಶಿರಾಕ್ಕೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಚಾಚಾ ತೀರಿಹೋಗಿ ಎರಡು ವಾರವಾಗಿತ್ತು.

ಚಾಚಿ ನನ್ನನ್ನು ಬೈಯಲಿಲ್ಲ. ಕಾಗದ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಓದಿ ಹೇಳು ಎಂದು ವಾಪಸ್ಸು ಕೊಟ್ಟರು. ಓದಿದೆ. ಅವರಿಗೆ ಅರ್ಥವಾಗಲಿಲ್ಲ. ಆ ಕಲ್ಲಿನ ದೂಳು ಒಳಗೆ ಹೋಗಿ ಎದೆ ಗಟ್ಟಿಯಾಗಿರುತ್ತೆ ಎಂದು ಬಿಡಿಸಿ ಹೇಳಿದೆ.

“ಅಂದ್ರೆ... ಅಂಟೋ ಕಾಯ್ಲೆ ಅಲ್ವಾ ಅದು?”

“ದೂಳಿನದ್ದು ಅಂಟಲ್ಲ ಚಾಚಿ.”

ಅವರು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಒಳಗೆ ನಾಲ್ಕು ವರ್ಷದ ಮೊಮ್ಮಗಳು ಆಡಿಕೊಂಡಿದ್ದಳು.

“ತಟ್ಟೆ, ಲೋಟ, ಚಾಪೆ ಎಲ್ಲ ಬ್ಯಾರೆ ಮಾಡಿದ್ವಿ. ಹಿತ್ಲು ಶೀಟಿನ್ ಕೆಳ್ಗೆ ಮಲಗುಸ್ತಿದ್ವಿ. ಈ ಮಗೀನ ಒಂದು ದಿನ ಹತ್ರ ಬುಡ್ಲಿಲ್ಲ ಕಣಮ್ಮ. ಇದು ದಾದಾ ದಾದಾ ಅಂತ ಅಳೋದು. ಅವ್ರೇ ದೂರ ಹೋಗು ಅಂತ ಕೈ ಬೀಸೋರು...”

ಆ ಕಾಗದವನ್ನು ಅಂಚೆಯಲ್ಲಿ ಹಾಕಿದ್ದರೂ ಸಾಕಿತ್ತು. ಕಾಗದವೇಕೆ, ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಅವರು ಅದನ್ನೇ ತುಮಕೂರಿನ ವೈದ್ಯರಿಗೆ ಹೇಳುತ್ತಿದ್ದರು. ಚಾಚಾ ಬದುಕುತ್ತಿರಲಿಲ್ಲ, ಅದು ನನಗೆ ಗೊತ್ತು. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದರೇನೋ.

ಈಗ ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಹೋದ ವರ್ಷ ವಿದ್ಯಾರ್ಥಿಗಳನ್ನು ಆ ಕಡೆಗೆ ಕರೆದುಕೊಂಡು ಹೋಗಿದ್ದೆ. ಚಾಚಾ ತೋರಿಸಿದ್ದ ಬಂಡೆ ಎಂದೋ ಸಿಡಿದು ಲಾರಿ ಹತ್ತಿದೆ; ಆ ಜಾಗದಲ್ಲಿ ಹಸಿರು ನೀರಿನ ಗುಂಡಿ. ವಾಪಸ್ಸು ಬರುವಾಗ ಬಸ್ಸು ಶಿರಾ ಊರೊಳಗೇ ಹಾದು ಬಂತು. ಇಳಿಯುವ ಧೈರ್ಯವಾಗಲಿಲ್ಲ.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿರಬೇಕು. ದಾದಾ ತನ್ನನ್ನು ಕೈ ಬೀಸಿ ದೂರ ಕಳಿಸುತ್ತಿದ್ದದ್ದು ಅವಳಿಗೆ ನೆನಪಿದೆಯೋ ಇಲ್ಲವೋ... ಹಾಗೆ ಮಾಡಬೇಕಾಗಿರಲಿಲ್ಲ ಎಂದು ಅವಳಿಗೆ ಹೇಳಬೇಕಾದವಳು ನಾನು. ಇನ್ನೂ ಹೇಳಿಲ್ಲ.