ಗೇಟರ್ ಅಳತೆಯ ದಾರ

ಚಪ್ಪಲಿ ಹೊಲಿಯುವ ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನಲ್ಲಿ ದಾರ ಸಿಕ್ಕಿಸಿ ಎಳೆಯುತ್ತ ಮೇಣ ಹಚ್ಚುತ್ತಿದ್ದರು. ಇಷ್ಟು ಖಚಿತ. ಮಿಕ್ಕದ್ದಕ್ಕೆ ಆಣೆ ಮಾಡಲಾರೆ.

ಎಪ್ಪತ್ತರ ದಶಕದ ಮೊದಲಲ್ಲಿ, ಧಾರವಾಡದಲ್ಲಿ ಎಂ.ಎ. ಮುಗಿಸಿ ಸಿಂದಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಕುಂಪಣಿ ಸೈನ್ಯದ ಹಳೆಯ ಕಾಳಗವೊಂದನ್ನು ವಿದ್ಯಾರ್ಥಿಗಳಿಂದ ಮೈದಾನದಲ್ಲಿ ಆಡಿಸುವ ಹುಚ್ಚು ಹಿಡಿಯಿತು. ಬೂಟಿನ ಮೇಲಿಂದ ಮೊಣಕಾಲಿನವರೆಗೆ ಬಿಗಿಯುವ ಚರ್ಮದ ಗೇಟರ್ ಬೇಕಿತ್ತು. ಪುಸ್ತಕದ ಚಿತ್ರ ಹಿಡಿದು, ಹುಡುಗರನ್ನು ಕಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಹಿಂದೆ ಕೂರುತ್ತಿದ್ದ ಈ ಕಾಕಾನ ಬಳಿ ಹೋದೆ.

ಕಾಕಾ ಯಾರ ಕಾಲನ್ನೂ ಮುಟ್ಟಿ ಅಳೆಯುತ್ತಿರಲಿಲ್ಲ. ದಾರವನ್ನು ಮುಂದೆ ಇಟ್ಟು, "ನೀವ ಸುತ್ಕೊಂಡು ಗಂಟ ಹಾಕಿ ಕೊಡ್ರಿ" ಅನ್ನುತ್ತಿದ್ದರು. ಅವರ ಕೈ ತಾಗಿತೆಂದು ಮನೆಗೆ ಹೋಗಿ ಮೈ ತೊಳೆದವರನ್ನು ಅವರು ಬಹಳ ಕಂಡಿದ್ದರು.

ಆಗ ನಾನು ಎಲ್ಲರೆದುರು ಕಾಲು ಚಾಚಿ, "ನೀವೇ ಅಳೀರಿ ಕಾಕಾ" ಅಂದೆ. ಅವರು ತಡವರಿಸಿ, ಕೊನೆಗೆ ನನ್ನ ಮೀನಖಂಡಕ್ಕೆ ದಾರ ಸುತ್ತಿದರು. ಹೀಗೆಂದು ಎಷ್ಟೋ ವರ್ಷ ತರಗತಿಯಲ್ಲಿ ಹೇಳುತ್ತ ಬಂದೆ.

ನನ್ನದು ಇಂಗ್ಲಿಷ್ ಕ್ಯಾಪ್ಟನ್ ಪಾತ್ರ. "ಇಷ್ಟ ಸಣ್ಣ ಕಾಲಿನ ಸಾಹೇಬ ನಮ್ಮನ್ನ ಹೆಂಗ ಆಳಿದ್ನಪಾ" ಎಂದು ಕಾಕಾ ನಕ್ಕರು. "ಅದಕ್ಕ ಸಾಹೇಬ ಓಡಿ ಹೋದ್ನ್ರಿ" ಎಂದನೊಬ್ಬ ಹುಡುಗ.

ವಾರದ ನಂತರ ಗೇಟರ್ ಬಿಗಿದು ನಡೆದು ತೋರಿಸಿದೆ.

"ಒತ್ತತಾವೇನ್ರಿ ಮಾಸ್ತರ?"

"ಇಲ್ಲ ಕಾಕಾ, ಕಾಲಿಗೆ ಅಂಟಿಸಿಧಂಗ ಅದಾವು."

"ಹಂಗಂದ್ರ ಅಳತಿ ಭೇಷ ಹಿಡದೀರಿ ನೀವು."

ಆ 'ನೀವು' ಆಗ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಕಾ ತೀರಿಕೊಂಡಾಗ ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿದ್ದೆ. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಸೊಸೆ ಒಂದು ದಾರ ತಂದು ಕೊಟ್ಟರು. ತುದಿಯಲ್ಲಿ ಚರ್ಮದ ಚೂರು, ಅದರ ಮೇಲೆ ಎರಡು ಗೀರು: ಕ್ಯಾಪ್ಟನ್ನನ ಅಳತೆಗೆ ಕಾಕಾ ಮಾಡಿದ್ದ ಗುರುತು.

"ಮಾಸ್ತರ್ದು ಇದು, ಒಗೀಬ್ಯಾಡ ಅಂದಿದ್ರಿ ನಮ್ಮ ಮಾವ."

ಗಂಟು ನೋಡಿದೆ. ಎರಡು ಕಿವಿಯದು, ಎಡಕ್ಕೆ ವಾಲಿದ್ದು. ನನ್ನ ಬೂಟಿನ ಲೇಸಿಗೆ ಇಂದಿಗೂ ನಾನು ಹಾಕುವ ಗಂಟು. ಅಂದರೆ ದಾರ ಸುತ್ತಿಕೊಂಡವನು ನಾನೇ. ಕಾಲು ಚಾಚಿರಲಿಲ್ಲ.

ಮನೆಗೆ ಬಂದು, ಇಟ್ಟುಕೊಂಡಿದ್ದ ಗೇಟರಿಗೆ ಗಂಟು ಹಾಕಿದ ಆ ದಾರದ ಸುತ್ತನ್ನು ತೊಡಿಸಿ ನೋಡಿದೆ. ದಾರ ಒಂದು ಬೆರಳಿನಷ್ಟು ಕಡಿಮೆ ಬಿತ್ತು. ಬಿಗಿಯಾಗಿ ಸುತ್ತಿಬಿಟ್ಟಿದ್ದೆ. ಆ ಒಂದು ಬೆರಳನ್ನು ಕಾಕಾ ದೂರ ಕೂತು ಕಣ್ಣಲ್ಲೇ ಅಳೆದು ಸೇರಿಸಿದ್ದರು. ಆದರೂ 'ಭೇಷ್' ಎಂಬ ಮಾತನ್ನು ನನಗೆ ಕೊಟ್ಟಿದ್ದರು.

ಆ ಗಂಟನ್ನು ನಾನು ಬಿಚ್ಚಿಲ್ಲ.